ಗೋವಿನ ಹಾಡಿನ ಚಿತ್ರಪುಸ್ತಕವೂ ಕೊಟ್ಟಿಗೆ ಕಟ್ಟುವ ಪಾಠವೂ

ಪುಣ್ಯಕೋಟಿಯ ಕಥೆಯನ್ನು ಕೇಳದ ಮಕ್ಕಳು ಕನ್ನಡ ನಾಡಿನಲ್ಲಿ ವಿರಳ. ಕಾಳಿಂಗನೆಂಬ ಗೊಲ್ಲನ ದೊಡ್ಡಿ, ತಾಯಿಯ ದಾರಿ ನೋಡುವ ಎಳೆಗರು, ಹಸಿದ ಹುಲಿ, ಇವೆಲ್ಲವೂ ಬಣ್ಣದ ಚಿತ್ರಪುಸ್ತಕಗಳಲ್ಲಿ ಮಕ್ಕಳ ಕೈಗೆ ಬಂದಿವೆ. ಇದನ್ನೋದಿಸಿ ಸತ್ಯದ ಮಹಿಮೆಯನ್ನು ಬೋಧಿಸುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಅದೇ ಚಿತ್ರವನ್ನು ಮುಂದಿಟ್ಟು ಉಪಾಧ್ಯಾಯರು ಬೇರೊಂದು ಪ್ರಶ್ನೆಯನ್ನೂ ಕೇಳಬಹುದು. ತಾಯಿಯಿಲ್ಲದ ಹೊತ್ತಿನಲ್ಲಿ ಕರು ಹೊರಬೀಳದಂತೆ, ಕ್ರೂರಮೃಗ ಒಳಹೋಗದಂತೆ, ನೆಲ ಒಣಗಿರುವಂತೆ ಆ ದೊಡ್ಡಿಯನ್ನು ಕಟ್ಟುವ ಬಗೆ ಯಾವುದು?

ಕಥೆಯ ಪಾತ್ರಕ್ಕೊದಗಿದ ತೊಡಕನ್ನು ಮಕ್ಕಳ ಕೈಯಿಂದಲೇ ಬಿಡಿಸಿ ಇಂಜನಿಯರಿಂಗಿನ ಮೊದಲ ಪಾಠ ಹೇಳುವ ಪದ್ಧತಿಯನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದವರು ಬೆಳೆಸಿದ್ದಾರೆ. ಕೈಗೆಲಸದ ಮೂಲಕ ವಿದ್ಯೆಯೆಂಬುದು ಈ ದೇಶಕ್ಕೂ ಹೊಸತಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಪ್ರತಿಪಾದಿಸಿದ್ದು ಅದನ್ನೇ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಟ್ಟಿಗೆ ಈ ಪಾಠವು ಬರಿಯ ಆಟವಲ್ಲ. ನೆಲಮಂಗಲ, ದೊಡ್ಡಬಳ್ಳಾಪುರಗಳ ಗುಡ್ಡದಂಚಿನಲ್ಲಿ ಹುಲಿಯಿಲ್ಲದಿದ್ದರೂ ಚಿರತೆಯುಂಟು. ಕರುಗಳನ್ನೂ ಕುರಿಗಳನ್ನೂ ಅದು ಹೊತ್ತೊಯ್ಯುವುದುಂಟು. ಮೇಲಾಗಿ ಹಳ್ಳಿಕಾರ್ ದನಗಳಿಗೆಂದು ಹಿರಿಯರು ಕಟ್ಟಿಸಿದ ಕೊಟ್ಟಿಗೆಗಳಲ್ಲಿ ಈಗ ಮೈಯುದ್ದದ ಸೀಮೆಹಸುಗಳನ್ನು ಕಟ್ಟುತ್ತಿದ್ದಾರೆ. ನಿಲ್ಲುವ ಜಾಗ ಸಾಲದೆ ಹಸುವಿನ ಹಿಂಗಾಲು ಗಂಜಲದ ಕಾಲುವೆಯಲ್ಲಿ ನಿಲ್ಲುತ್ತದೆ. ಗೊರಸು ಕೊಳೆಯುವುದಕ್ಕೂ ಕೆಚ್ಚಲು ಬಾವಿಗೂ ಇಂಥ ತೇವವೇ ಹಾದಿ. ಮನೆಯ ಯಜಮಾನನು ದಿನವೂ ನೋಡಿ ರೂಢಿಯಾದ ಈ ದೋಷವನ್ನು ಅಳತೆದಾರ ಹಿಡಿದ ಹತ್ತು ವರ್ಷದ ಹುಡುಗಿ ಒಂದು ಗಳಿಗೆಯಲ್ಲಿ ಕಂಡುಹಿಡಿಯಬಲ್ಲಳು.

ಆದಕಾರಣ ಪಾಠವು ಅಳತೆಯಿಂದಲೇ ಆರಂಭವಾಗತಕ್ಕದ್ದು. ಸಾಧುವಾದ ಹಸುವೊಂದನ್ನು ಒಡೆಯನೇ ಹಿಡಿದುಕೊಂಡಿರಬೇಕು; ಮಕ್ಕಳು ಹಿಂದಿನಿಂದ ಸಮೀಪಿಸಕೂಡದು. ಎತ್ತರ, ಮೈಯುದ್ದ, ಅಗಲಗಳನ್ನು ಹಗ್ಗದಲ್ಲಿ ಅಳೆದು, ಅಡಿಗೆ ಅಂಗುಲದಂತೆ ಇಳಿಸಿ, ಕೆರೆಯ ಜೇಡಿಮಣ್ಣಿನಲ್ಲಿ ಹಸುವನ್ನು ಮಾಡಬೇಕು. ಅದರ ಸುತ್ತಲೇ ಕೊಟ್ಟಿಗೆ ಏಳತಕ್ಕದ್ದು. ಬೆಳೆದ ಹಸುವೊಂದಕ್ಕೆ ಮಾಡಿನ ಕೆಳಗೆ 3.5 ಚದರ ಮೀಟರು, ಎಂದರೆ ಸುಮಾರು 38 ಚದರಡಿ ಜಾಗವೂ, ಬಯಲಂಗಳದಲ್ಲಿ ಅದರ ಎರಡರಷ್ಟೂ ಬೇಕೆಂದು ಪಶುಪಾಲನಾ ಶಾಸ್ತ್ರದ ಲೆಕ್ಕ. ಗೋದಲಿಯ ಮುಂದೆ ತಲೆಗೆ ಎರಡರಿಂದ ಎರಡೂವರೆ ಅಡಿ ಬಿಡಬೇಕು. ಗೋಡೆಗೆ ಬಿದಿರಿನ ದಬ್ಬೆ, ಕಟ್ಟುವುದಕ್ಕೆ ಕತ್ತಾಳೆನಾರು, ಮಾಡಿಗೆ ರಾಗಿಹುಲ್ಲು ಸಾಕು. ದಬ್ಬೆ ಸೀಳುವ ಕೆಲಸ ಮಾತ್ರ ದೊಡ್ಡವರದು.

ನೆಲದ ಇಳಿಜಾರೇ ಈ ಪಾಠದ ತಿರುಳು. ಒಂದಡಿಯ ಹಲಗೆಯ ಒಂದು ತುದಿಯ ಕೆಳಗೆ ಸೀಸದಕಡ್ಡಿಯೊಂದನ್ನು ಅಡ್ಡವಾಗಿಟ್ಟರೆ ಇಳಿಜಾರು ಹೆಚ್ಚುಕಡಮೆ 40ಕ್ಕೆ 1ರಷ್ಟಾಗುವುದು. ಕೊಟ್ಟಿಗೆಗೆ ಬೇಕಾದುದೂ ಅಷ್ಟೇ, ಹತ್ತಡಿಗೆ ಮೂರಂಗುಲ. ಕಡ್ಡಿಯಿಲ್ಲದೆ ಒಂದು ಸಲ, ಒಂದು ಕಡ್ಡಿಯಿಟ್ಟು ಒಂದು ಸಲ, ಮೂರು ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಒಂದು ಸಲ ಹಲಗೆಯ ಮೇಲೆ ಒಂದೊಂದು ಲೋಟ ನೀರು ಸುರಿಯಲಿ. ಮೊದಲನೆಯದರಲ್ಲಿ ನೀರು ನಿಂತೀತು. ಮೂರನೆಯದರಲ್ಲಿ ನೀರು ರಭಸದಿಂದ ಹರಿದರೂ, ಅಂಥ ನೆಲದಲ್ಲಿ ಹಸು ಜಾರೀತೆಂಬುದನ್ನು ಉಪಾಧ್ಯಾಯರು ಕೇಳಿಸಿಯೇ ಹೊರಡಿಸಬೇಕು, ತಾವೇ ಹೇಳಿಬಿಡಬಾರದು. ಹರಿದ ನೀರು ಎಲ್ಲಿ ಸೇರಬೇಕೆಂದು ಕೇಳಿದರೆ ಮಕ್ಕಳು ತಾವಾಗಿಯೇ ಗೊಬ್ಬರದ ಗುಂಡಿಯನ್ನು ತೋಡುವರು.

ಅನಂತರ ಕರುವಿನ ದೊಡ್ಡಿ. ಕದದ ಅಗಳಿಗೆ ದಾರ ಕಟ್ಟಿ, ದಾರದ ತುದಿಗೆ ಒಂದೊಂದೇ ಕಲ್ಲನ್ನು ತೂಗುಹಾಕುತ್ತ ಎಷ್ಟು ಭಾರಕ್ಕೆ ಅಗಳಿ ಕೀಳುವುದೆಂದು ನೋಡಬೇಕು. ದಬ್ಬೆಗಳ ಸಂದಿನಲ್ಲಿ ಹುಣಿಸೆಬೀಜ ತೂರಿದರೆ ಆ ದೊಡ್ಡಿ ತಪ್ಪು. ಅಡಿಗೆ ಅಂಗುಲದ ಲೆಕ್ಕದಲ್ಲಿ ಅದು ಅರ್ಧ ಅಡಿಯ ಸಂದಾಗುವುದು, ಚಿರತೆಯ ಪಂಜ ಸಲೀಸಾಗಿ ನುಗ್ಗುವುದು. ಗೋಡೆ ಎಷ್ಟೇ ಎತ್ತರವಾಗಿದ್ದರೂ ಮೇಲ್ಮುಚ್ಚಿಲ್ಲದ ದೊಡ್ಡಿ ಚಿರತೆಗೆ ತಡೆಯಲ್ಲ. ಚಿತ್ರಪುಸ್ತಕಗಳಲ್ಲಿ ದೊಡ್ಡಿಯು ಬಯಲಾಗಿಯೇ ಇರುವುದನ್ನು ಯಾರಾದರೊಬ್ಬ ಹುಡುಗ ಗುರುತಿಸಿ ಚಿತ್ರಕಾರನ ಮೇಲೆ ದೂರು ಹೇಳಿದರೆ, ಅವನಿಗೆ ಪಾಠ ಹತ್ತಿತೆಂದೇ ತಿಳಿಯಬೇಕು.

ಉಪಾಧ್ಯಾಯರಿಗೆ ಇರಬೇಕಾದ ಗುಣವೆಂದರೆ ತಾಳ್ಮೆ. ಮಕ್ಕಳು ಕಟ್ಟಿದ್ದು ಬೀಳುವುದಿದ್ದರೆ ಬೀಳಲಿ. ಬಿದ್ದ ಕಾರಣವನ್ನು ಅವರೇ ಬರೆದು ಎರಡನೆಯ ಸಲ ಕಟ್ಟಲಿ. ನೋಡಲು ಬಂದ ಅಧಿಕಾರಿಗಳ ಮುಂದೆ ಅಂದವಾಗಿ ಕಾಣಲೆಂದು ದೊಡ್ಡವರು ರಾತ್ರೋರಾತ್ರಿ ಸರಿಪಡಿಸುವ ಪ್ರದರ್ಶನಗಳು ಬೇಕಾದಷ್ಟು ಆಗಿವೆ. ಅವುಗಳಿಂದ ಮಕ್ಕಳು ಕಲಿತದ್ದು ಅತ್ಯಲ್ಪ.

ಗ್ರಾಮದ ಮುಖಂಡರಿಂದ ಆಗಬೇಕಾದ ಸಹಾಯಕ್ಕೆ ಹಣದ ಖರ್ಚು ಕಡಮೆ. ಬಿದಿರು, ಹುಲ್ಲು ಒದಗಿಸುವುದು. ರಸಮಟ್ಟ ಹಿಡಿಯಬಲ್ಲ ಗಾರೆಕೆಲಸದವರನ್ನು ಒಂದು ಮಧ್ಯಾಹ್ನ ಶಾಲೆಗೆ ಕಳುಹಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ ತಮ್ಮ ಕೊಟ್ಟಿಗೆಯ ಬಾಗಿಲನ್ನು ಮಕ್ಕಳ ಅಳತೆದಾರಕ್ಕೆ ತೆರೆದಿಡುವುದು. ಊರಿನ ದೊಡ್ಡ ಮನೆಯ ಕೊಟ್ಟಿಗೆಯಲ್ಲೇ ನೀರು ನಿಲ್ಲುವುದೆಂದು ಮಕ್ಕಳು ಬರೆದುಕೊಂಡು ಬಂದರೆ ಯಜಮಾನರು ಸಿಟ್ಟಾಗದೆ, ಆ ಲೆಕ್ಕದಂತೆ ಒಂದು ಅಂಕಣದ ನೆಲವನ್ನಾದರೂ ಮುಂದಿನ ಮಳೆಗಾಲದೊಳಗೆ ಕಿತ್ತು ಹಾಸಿಸಬೇಕು.

ರಾಗಿ ಕೊಯ್ಲಿನ ಅನಂತರ ಹೊಸ ಹುಲ್ಲು ಯಥೇಚ್ಛವಾಗಿ ಸಿಗುವುದರಿಂದ ಪಾಠಕ್ಕೆ ಆ ಕಾಲವೇ ಅನುಕೂಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯೂ ಅದರ ಹಿಂದೆಯೇ ಬರುವುದು. ಅಲ್ಲಿಗೆ ಮಕ್ಕಳನ್ನು ಕರೆದೊಯ್ದು ಹಳ್ಳಿಕಾರ್ ಎತ್ತುಗಳ ಅಳತೆಯನ್ನು ಬರೆಸಿ ತಂದರೆ, ಮನೆಯ ಸೀಮೆಹಸುವಿನ ಅಳತೆಯೊಡನೆ ಹೋಲಿಸಿ ಹಳೆಯ ಕೊಟ್ಟಿಗೆ ಎಷ್ಟಂಗುಲ ಗಿಡ್ಡವಾಯಿತೆಂದು ಕರಿಹಲಗೆಯ ಮೇಲೆ ಲೆಕ್ಕ ಹಾಕಬಹುದು.