ಥೈರಾಯ್ಡ್, ಅಯೋಡಿನ್ ಮತ್ತು ನಮ್ಮ ಉಪ್ಪು

ನಿರ್ನಾಳ ಗ್ರಂಥಿಗಳು ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಪರೀಕ್ಷೆಗೆ ಥೈರಾಯ್ಡನ್ನು ಚೆನ್ನಾಗಿ ಓದಿ. ಪಿಟ್ಯುಟರಿ ಗ್ರಂಥಿಯ ಟಿಎಸ್‌ಎಚ್ (ಥೈರಾಯ್ಡ್ ಪ್ರಚೋದಕ ಹಾರ್ಮೋನು) ಪ್ರಚೋದಿಸಿದಾಗ ಥೈರಾಯ್ಡ್ ಥೈರಾಕ್ಸಿನ್ ಸ್ರವಿಸುತ್ತದೆ; ಥೈರಾಕ್ಸಿನ್ ಹೆಚ್ಚಿದಂತೆ ಟಿಎಸ್‌ಎಚ್ ತಗ್ಗುತ್ತದೆ. ಇದೇ ಋಣಾತ್ಮಕ ಹಿಮ್ಮಾಹಿತಿ. ಅಯೋಡಿನ್ ಇಲ್ಲದೆ ಥೈರಾಕ್ಸಿನ್ ಇಲ್ಲ. ಕೊರತೆಯಾದರೆ ಟಿಎಸ್‌ಎಚ್ ಏರಿ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಗರ್ಭಿಣಿಯಲ್ಲಿ ತೀವ್ರ ಕೊರತೆಯಿದ್ದರೆ ಮಗುವಿನ ಮಿದುಳೇ ಸರಿಯಾಗಿ ಬೆಳೆಯದು; ಗಂಟಲಿನ ಊತಕ್ಕಿಂತ ದೊಡ್ಡ ನಷ್ಟ ಇದು.

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1962ರಲ್ಲಿ. 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆ ರೋಗಗಳ ನಿಯಂತ್ರಣ ಕಾರ್ಯಕ್ರಮವೆಂದು ಹೆಸರಾಯಿತು.

ನಾರಾಯಣಖೇಡ್, ಜಹೀರಾಬಾದ್, ತಾಂಡೂರಿನ ಅಭ್ಯರ್ಥಿಗಳು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯನ್ನು ಮರೆಯಬಾರದು. 1918ರಲ್ಲಿ ಕೂನೂರಿನಲ್ಲಿ ಇದಕ್ಕೆ ಬುನಾದಿ ಹಾಕಿದ ರಾಬರ್ಟ್ ಮೆಕ್‌ಕ್ಯಾರಿಸನ್ ಗಿಲ್ಗಿಟ್‌ನಲ್ಲಿ ಗಳಗಂಡವನ್ನೇ ಅಧ್ಯಯನ ಮಾಡಿದ್ದವರು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂತು. ಕಬ್ಬಿಣ, ಅಯೋಡಿನ್ ಎರಡೂ ಇರುವ ಉಪ್ಪನ್ನು ರೂಪಿಸಿತು.

ಉಳಿದ ಗ್ರಂಥಿಗಳು ಚುಟುಕಾಗಿ: ಮೇದೋಜೀರಕ ಮಿಶ್ರ ಗ್ರಂಥಿ, ಅದರ ಬೀಟಾ ಕೋಶಗಳಿಂದ ಇನ್ಸುಲಿನ್, ಪ್ಯಾರಾಥೈರಾಯ್ಡ್‌ನಿಂದ ಕ್ಯಾಲ್ಸಿಯಂ ನಿಯಂತ್ರಣ, ಅಡ್ರಿನಲ್‌ನಿಂದ ಅಡ್ರಿನಲಿನ್.

ಅಯೋಡಿನ್ ಕೊರತೆ ತಪ್ಪಿಸಲು ಅಯೋಡಿನ್ ಸೇರಿಸಿದ ಉಪ್ಪನ್ನೇ ಕೊಳ್ಳಿ, ತೇವ ತಾಗದ ಡಬ್ಬಿಯಲ್ಲಿ ಮುಚ್ಚಿಡಿ.