ಡಬ್ಬಿಯೊಳಗಿನ ಹಳೇ ಜ್ವರ

ಡಬ್ಬಿಯನ್ನು ಅಂಗಿ ಜೇಬಿನಲ್ಲಿ ಮರೆಮಾಡಿಕೊಂಡು ಬರುವ ಗಂಡಸರು ಲ್ಯಾಬಿನ ಕಿಟಕಿಯ ಬಳಿ ತಲೆ ಎತ್ತುವುದೇ ಇಲ್ಲ. ಕಿಟಕಿಯ ಈಚೆಗೆ ಹದಿನೈದು ವರ್ಷ ಕೂತವಳು ನಾನು. ಅರಸೀಕೆರೆ ಕಡೆಯ ತೆಂಗಿನ ವ್ಯಾಪಾರಿಯೊಬ್ಬರು ಹಾಗೇ ಬಂದಿದ್ದರು. ಮದುವೆಯಾಗಿ ಆರು ವರ್ಷ. ಅಷ್ಟರಲ್ಲಿ ಹೆಂಡತಿಗೆ ಸ್ಕ್ಯಾನಿಂಗ್, ಹಾರ್ಮೋನ್ ಟೆಸ್ಟು, ಲ್ಯಾಪರೋಸ್ಕೋಪಿ, ಎರಡು ಹರಕೆ ಎಲ್ಲ ಆಗಿತ್ತು. ಗಂಡನಿಗೆ ಇದೇ ಮೊದಲ ಪರೀಕ್ಷೆ!

ಡಬ್ಬಿಯಲ್ಲಿ ಗಟ್ಟಿಯಾಗಿರುವ ವೀರ್ಯ 37 ಡಿಗ್ರಿಯ ಬೆಚ್ಚನೆ ತಟ್ಟೆಯ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ನೀರಾಗುತ್ತದೆ. ಒಂದು ಹನಿಯನ್ನು ಚೌಕಳಿ ಗಾಜಿನ ಮೇಲೆ ಹಾಕಿ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು; ನೂರಕ್ಕೆ 42 ಅಲುಗಾಡುತ್ತಿರಬೇಕು; ರೂಪ ಸರಿಯಿರುವವು ನೂರಕ್ಕೆ 4 ಇದ್ದರೂ ಸಾಕು. ನಾಲ್ಕೇ ಎಂದರೆ ಯಾರೂ ನಂಬುವುದಿಲ್ಲ.

ಇವರ ಕೌಂಟ್ 40 ಲಕ್ಷ. ಡಾಕ್ಟರು ಇಕ್ಸಿ ಮಾಡೋಣ ಎಂದರು. 1992ರಲ್ಲಿ ಬ್ರಸೆಲ್ಸ್‌ನಿಂದ ವರದಿಯಾದ ವಿಧಾನ ಅದು. ವೀರ್ಯಾಣುವಿನ ಬಾಲವನ್ನು ಗಾಜಿನ ಸೂಜಿಯಿಂದ ಅದುಮಿ, ಓಡಾಟ ನಿಲ್ಲಿಸಿ, ಸೂಜಿಯೊಳಗೆ ಹೀರಿಕೊಂಡು ಅಂಡಾಣುವಿನೊಳಕ್ಕೆ ಬಿಡುವುದು. ಎಂಟು ಅಂಡಾಣುಗಳಲ್ಲಿ ಆರು ಫಲಿಸಿದವು. ಮೂರನೇ ದಿನ ಭ್ರೂಣಗಳು ಚೆನ್ನಾಗಿಯೇ ಇದ್ದವು. ಐದನೇ ದಿನಕ್ಕೆ ಒಂದೂ ಉಳಿಯಲಿಲ್ಲ.

ಮೊದಲೆರಡು ದಿನ ಭ್ರೂಣ ಬದುಕುವುದು ತಾಯಿಯ ಅಂಡಾಣು ಕಟ್ಟಿಕೊಟ್ಟ ಬುತ್ತಿಯಲ್ಲಿ. ನಾಲ್ಕರಿಂದ ಎಂಟು ಕೋಶಗಳಾಗುವ ಹೊತ್ತಿಗೆ ಅದರ ಸ್ವಂತ ಜೀನ್‌ಗಳು, ಅಪ್ಪನವೂ ಸೇರಿ, ಕೆಲಸಕ್ಕೆ ಇಳಿಯಬೇಕು. ವೀರ್ಯಾಣುವಿನ ಡಿಎನ್‌ಎ ತುಂಡಾಗಿದ್ದರೆ ಅದರ ಪೆಟ್ಟು ಅಲ್ಲಿಂದಾಚೆಗೆ ಕಾಣಿಸಿಕೊಳ್ಳಬಹುದು. ಅಂಡಾಣು ಒಂದಿಷ್ಟು ರಿಪೇರಿ ಮಾಡಿಕೊಳ್ಳುತ್ತದೆ, ಆದರೆ ಹೆಂಗಸಿನ ವಯಸ್ಸು ಏರಿದಂತೆ ಆ ಶಕ್ತಿ ಕುಗ್ಗುತ್ತದೆ. ಎಲ್ಲ ಸೋಲಿಗೂ ವೀರ್ಯವೇ ಕಾರಣವಲ್ಲ, ಅಂಡಾಣುವಿನ ದೋಷವೂ ಇದ್ದೀತು. ಆದರೂ ನನಗೆ ಅನುಮಾನ ಹೋಗಲಿಲ್ಲ.

“ಈಚೆಗೆ ಜ್ವರ ಬಂದಿತ್ತಾ?” ಎಂದು ಕೇಳಿದೆ, ಎಲ್ಲ ಮುಗಿದ ಮೇಲೆ.

“ಬಂದಿತ್ತಲ್ಲ ಮೇಡಂ, ಡೆಂಗಿ. ನಿಮ್ಮಲ್ಲಿಗೆ ಬರೋಕೆ ಎರಡು ತಿಂಗಳ ಮುಂಚೆ. ಹತ್ತು ದಿನ ಮಲಗಿದ್ದೆ.”

ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ, ಹೊರಬರಲು ಇನ್ನೂ ಕೆಲವು ದಿನ ಬೇಕು. ಡಬ್ಬಿಯಲ್ಲಿ ಬರುವುದು ಹೆಚ್ಚುಕಡಿಮೆ ಮೂರು ತಿಂಗಳ ಹಿಂದಿನ ಬಿತ್ತನೆ. ಜೋರು ಜ್ವರ ಆ ಬೆಳೆಯನ್ನು ಕೆಡಿಸಬಲ್ಲದು. ಅಂದಿನಿಂದ ಫಾರಂನ ಅಂಚಿನಲ್ಲಿ ಈ ಪ್ರಶ್ನೆಯನ್ನು ಪೆನ್ನಿನಲ್ಲೇ ಬರೆಯುತ್ತೇನೆ. ಜಿಮ್ ಹುಡುಗರಿಗೆ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಬಗ್ಗೆಯೂ ಕೇಳುತ್ತೇನೆ. ಹೊರಗಿನಿಂದ ಸಿಕ್ಕರೆ ದೇಹ ತನ್ನ ತಯಾರಿಯನ್ನೇ ನಿಲ್ಲಿಸಿ ಕೌಂಟ್ ಸೊನ್ನೆಗೂ ಇಳಿದೀತು. ಇನ್ನು ಮಾತ್ರೆಗಳ ಮೋಹ: ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಂಡಂದಿರು ಫೋಲಿಕ್ ಆಮ್ಲ, ಸತುವಿನ ಮಾತ್ರೆ ನುಂಗಿದ್ದರಿಂದ ಹೆರಿಗೆಗಳೇನೂ ಹೆಚ್ಚಲಿಲ್ಲ.

ವ್ಯಾಪಾರಿ ಗುಟ್ಕಾ ಬಿಟ್ಟು, ನಾಲ್ಕು ತಿಂಗಳು ಕಳೆದು ಬಂದರು. ಕೌಂಟ್ 2.1 ಕೋಟಿ. ಈ ಸಲ ಎರಡು ಭ್ರೂಣಗಳು ಐದನೇ ದಿನ ಮುಟ್ಟಿದವು. ಒಂದನ್ನು ಗರ್ಭದಲ್ಲಿಟ್ಟರು, ನಿಲ್ಲಲಿಲ್ಲ. ಇನ್ನೊಂದು ದ್ರವ ಸಾರಜನಕದ ಕ್ಯಾನಿನಲ್ಲಿದೆ. ಆಷಾಢ ಕಳೆಯಲಿ ಎಂದಿದ್ದಾರೆ ಅವರ ತಾಯಿ.