ಈ ಲಿಸ್ಟ್ ಯಾರದು?

ಜಾವಾದಲ್ಲಿ ಒಂದು ಮೆಥಡ್ ಲಿಸ್ಟ್ ಕೊಡುತ್ತದೆ ಎಂದರೆ ಅದರೊಳಗೆ ಏನಿದೆ ಎಂಬುದು ಟೈಪ್ ನೋಡಿದರೇ ತಿಳಿಯುತ್ತದೆ. ಹೆಸರುಗಳೋ, ಸಂಖ್ಯೆಗಳೋ, ಆರ್ಡರ್‌ಗಳೋ, ಅಷ್ಟನ್ನು ಕಂಪೈಲರ್ ನೋಡಿಕೊಳ್ಳುತ್ತದೆ. ಆದರೆ ಆ ಲಿಸ್ಟ್ ಯಾರಿಗೆ ಸೇರಿದ್ದು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಇದಕ್ಕೆ ಇನ್ನೊಂದು ಸೇರಿಸಿದರೆ ಪರಿಣಾಮ ಯಾರ ಮೇಲೆ? ಕೊಟ್ಟವರು ಆಮೇಲೆ ತಮ್ಮ ಮೂಲವನ್ನು ತಿದ್ದಿದರೆ ನನ್ನ ಕೈಯಲ್ಲಿರುವುದೂ ಬದಲಾಗುತ್ತದೆಯೆ? ಜಾವಾ ಕೋಡ್ ಬರೆಯುತ್ತ, ಅದಕ್ಕಿಂತ ಹೆಚ್ಚಾಗಿ ಬೇರೆಯವರದ್ದನ್ನು ಓದುತ್ತ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ ಇದು: ಲಿಸ್ಟ್‌ಗಳ ವಿಷಯದಲ್ಲಿ ಆಗುವ ತೊಂದರೆಗಳಲ್ಲಿ ಬಹುಪಾಲು ಯಾವ ಮೆಥಡ್ ಬಳಸಬೇಕೆಂದು ಗೊತ್ತಿಲ್ಲದೆ ಆಗುವಂಥವಲ್ಲ, ಒಡೆತನವನ್ನು ಯಾರೂ ತೀರ್ಮಾನಿಸದೆ ಬಿಟ್ಟದ್ದರಿಂದ ಆಗುವಂಥವು.

ನಾಲ್ಕು ಲಿಸ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅರೇಲಿಸ್ಟ್ ಎಲ್ಲರಿಗೂ ಪರಿಚಿತ. ಸೇರಿಸಬಹುದು, ತೆಗೆಯಬಹುದು, ಬದಲಾಯಿಸಬಹುದು. ಅರೇಸ್.ಆಸ್‌ಲಿಸ್ಟ್ ಕೊಡುವುದು ಹೊಸ ಲಿಸ್ಟ್ ಅಲ್ಲ, ನಾವು ಕೊಟ್ಟ ಅರೇಯ ಮೇಲೆಯೇ ಕುಳಿತ ಲಿಸ್ಟ್. ಅದರಲ್ಲಿ ಮೂರನೆಯ ಸ್ಥಾನವನ್ನು ಬದಲಾಯಿಸಿದರೆ ಮೂಲ ಅರೇಯೂ ಬದಲಾಗುತ್ತದೆ. ಹೊಸದನ್ನು ಸೇರಿಸಲು ಹೋದರೆ ಅನ್‌ಸಪೋರ್ಟೆಡ್‌ಆಪರೇಷನ್ ಎಕ್ಸೆಪ್ಷನ್ ಬರುತ್ತದೆ. ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಲಿಸ್ಟ್ ಕೊಡುವುದು ಬರೀ ಕಿಟಕಿ. ನಾವು ಒಳಗೆ ಕೈ ಹಾಕಲಾರೆವು, ಆದರೆ ಒಳಗಿರುವವರು ಸಾಮಾನು ಸರಿಸಿದರೆ ನಮಗೆ ಕಾಣುವುದೂ ಬದಲಾಗುತ್ತದೆ. 2017ರಲ್ಲಿ ಜಾವಾ 9ರ ಜೊತೆ ಬಂದ ಲಿಸ್ಟ್.ಆಫ್ ಮಾತ್ರ ನಿಜಕ್ಕೂ ಬದಲಾಗದ ಲಿಸ್ಟ್. ಅದು ಎಷ್ಟು ಕಟ್ಟುನಿಟ್ಟೆಂದರೆ ನಲ್ ಇದೆಯೇ ಎಂದು ಕೇಳಿದರೂ ಎಕ್ಸೆಪ್ಷನ್ ಎಸೆಯುತ್ತದೆ. ನಾಲ್ಕಕ್ಕೂ ಟೈಪ್ ಒಂದೇ, ನಾಲ್ಕರ ಮೇಲೂ ಆಡ್ ಮೆಥಡ್ ಕರೆಯಲು ಕಂಪೈಲರ್ ಒಪ್ಪುತ್ತದೆ.

ಇದು ಎಚ್ಚರ ತಪ್ಪಿ ಆದ ವಿನ್ಯಾಸವಲ್ಲ. ಆರಂಭದ ಜಾವಾದಲ್ಲಿ ಇದ್ದದ್ದು ವೆಕ್ಟರ್, ಹ್ಯಾಶ್‌ಟೇಬಲ್‌ನಂಥ ಬಿಡಿಬಿಡಿ ಕ್ಲಾಸ್‌ಗಳು. ಜೋಶುವಾ ಬ್ಲಾಕ್ ರೂಪಿಸಿದ ಕಲೆಕ್ಷನ್ಸ್ ಫ್ರೇಮ್‌ವರ್ಕ್ 1998ರ ಡಿಸೆಂಬರ್‌ನಲ್ಲಿ ಜೆಡಿಕೆ 1.2ರ ಜೊತೆ ಬಂತು. ಬದಲಾಗುವ ಲಿಸ್ಟ್, ಬದಲಾಗದ ಲಿಸ್ಟ್, ಉದ್ದ ಮಾತ್ರ ಬದಲಾಗದ ಲಿಸ್ಟ್ ಎಂದು ಒಂದೊಂದಕ್ಕೂ ಬೇರೆ ಇಂಟರ್‌ಫೇಸ್ ಮಾಡುತ್ತ ಹೋದರೆ ಅವುಗಳ ಸಂಖ್ಯೆ ಬೆಳೆದು ಕಲಿಯುವವರಿಗೆ ಭಾರವಾಗುತ್ತದೆ ಎಂಬುದು ಆಗಿನ ವಾದ. ಆದ್ದರಿಂದ ಆಡ್, ರಿಮೂವ್ ಮುಂತಾದವನ್ನು ಐಚ್ಛಿಕವೆಂದು ಘೋಷಿಸಿ ಇಂಟರ್‌ಫೇಸ್ ಅನ್ನು ಒಂದೇ ಆಗಿ ಉಳಿಸಿಕೊಂಡರು. ಆ ಲೆಕ್ಕಾಚಾರವನ್ನು ನಾನು ತಪ್ಪೆನ್ನುವುದಿಲ್ಲ. ಇಂಟರ್‌ಫೇಸ್ ಚಿಕ್ಕದಾಗಿದ್ದದ್ದೇ ಅದು ಎಲ್ಲೆಡೆ ಹಬ್ಬಲು ಒಂದು ಕಾರಣ. ಆದರೆ ಕಂಪೈಲರ್ ಮಾಡಬಹುದಾಗಿದ್ದ ಒಂದು ತಪಾಸಣೆ ಅಂದಿನಿಂದ ಪ್ರೋಗ್ರಾಮರ್‌ನ ತಲೆಯ ಮೇಲೆ ಬಿತ್ತು.

ಎಕ್ಸೆಪ್ಷನ್ ಬಂದರೆ ಅದು ಒಳ್ಳೆಯ ತೊಂದರೆ, ಯಾವ ಸಾಲಿನಲ್ಲಿ ಎಂದು ತಾನೇ ಹೇಳುತ್ತದೆ. ಕಾಡುವುದು ಸದ್ದಿಲ್ಲದೆ ನಡೆಯುವಂಥದ್ದು. ಆರ್ಡರ್ ಎಂಬ ಕ್ಲಾಸ್ ತನ್ನೊಳಗಿನ ಐಟಂಗಳ ಲಿಸ್ಟ್ ಅನ್ನು ಗೆಟರ್ ಮೂಲಕ ಇದ್ದಂತೆಯೇ ಕೊಡುತ್ತದೆ ಎನ್ನಿ. ರಿಪೋರ್ಟ್ ತಯಾರಿಸುವ ಕೋಡ್ ಅದನ್ನು ಪಡೆದು, ದುಬಾರಿಯದ್ದು ಮೇಲೆ ಬರಲಿ ಎಂದು ಕಲೆಕ್ಷನ್ಸ್.ಸಾರ್ಟ್ ಕರೆಯುತ್ತದೆ. ಸಾರ್ಟ್ ಹೊಸ ಲಿಸ್ಟ್ ಕೊಡುವುದಿಲ್ಲ, ಇರುವುದನ್ನೇ ಕಲಸಿ ಜೋಡಿಸುತ್ತದೆ. ಅಲ್ಲಿಂದ ಮುಂದೆ ಆ ಆರ್ಡರ್‌ನ ಬಿಲ್ ಕೂಡ ಗಿರಾಕಿ ಹೇಳಿದ ಕ್ರಮ ಬಿಟ್ಟು ಬೆಲೆಯ ಕ್ರಮದಲ್ಲಿ ಅಚ್ಚಾಗುತ್ತದೆ. ರಿಪೋರ್ಟ್ ತೆರೆಯದ ದಿನ ಬಿಲ್ ಸರಿಯಿರುತ್ತದೆ, ತೆರೆದ ದಿನ ತಪ್ಪಿರುತ್ತದೆ. ಬಿಲ್ ಮುದ್ರಿಸುವ ಕೋಡನ್ನು ಎಷ್ಟು ಸಲ ಓದಿದರೂ ಅಲ್ಲಿ ದೋಷ ಸಿಗುವುದಿಲ್ಲ, ಏಕೆಂದರೆ ಅಲ್ಲಿ ದೋಷವೇ ಇಲ್ಲ.

ಹೆಸರುಗಳೂ ನೆರವಿಗೆ ಬರುವುದಿಲ್ಲ. ಕಲೆಕ್ಷನ್ಸ್.ರಿವರ್ಸ್ ಲಿಸ್ಟ್ ಅನ್ನೇ ತಿರುಗಿಸುತ್ತದೆ. 2023ರಲ್ಲಿ ಜಾವಾ 21ರೊಂದಿಗೆ ಬಂದ ರಿವರ್ಸ್ಡ್ ಮೂಲವನ್ನು ಮುಟ್ಟದೆ ತಿರುಗಿದ ನೋಟವನ್ನಷ್ಟೇ ಕೊಡುತ್ತದೆ, ಆದರೆ ಆ ನೋಟದ ಮೂಲಕ ಬರೆದರೆ ಮೂಲಕ್ಕೇ ಹೋಗುತ್ತದೆ. ಸಬ್‌ಲಿಸ್ಟ್ ಕೂಡ ಅಂಥದ್ದೇ. ಲಿಸ್ಟ್‌ನ ನಡುವಿನ ಒಂದು ತುಂಡನ್ನು ಅಳಿಸಬೇಕಾದರೆ ಸಬ್‌ಲಿಸ್ಟ್ ತೆಗೆದು ಅದರ ಮೇಲೆ ಕ್ಲಿಯರ್ ಕರೆಯುವುದು ಜಾವಾದ ಅಂದವಾದ ಸಾಲುಗಳಲ್ಲಿ ಒಂದು. ಅದೇ ಸಬ್‌ಲಿಸ್ಟ್ ಅನ್ನು ಒಂದು ಫೀಲ್ಡ್‌ನಲ್ಲಿ ಇಟ್ಟುಕೊಂಡು, ಆಮೇಲೆ ಮೂಲ ಅರೇಲಿಸ್ಟ್‌ಗೆ ಏನಾದರೂ ಸೇರಿಸಿದರೆ, ಮುಂದಿನ ಸಲ ಅದನ್ನು ಓದುವಾಗ ಕಾನ್‌ಕರೆಂಟ್‌ಮಾಡಿಫಿಕೇಷನ್ ಎಕ್ಸೆಪ್ಷನ್. ಎರಡನೆಯ ಥ್ರೆಡ್ಡೇ ಇಲ್ಲದ ಪ್ರೋಗ್ರಾಂನಲ್ಲಿ ಈ ಹೆಸರು ನೋಡಿದವರು ಲಾಕ್‌ಗಳನ್ನು ಹುಡುಕಲು ಹೊರಡುವುದು ಸಹಜವೇ. ಲಕ್ಷ ಸಾಲಿನ ಲಿಸ್ಟ್‌ನ ಕೊನೆಯ ಹತ್ತನ್ನು ಸಬ್‌ಲಿಸ್ಟ್ ಮಾಡಿ ಇಟ್ಟುಕೊಂಡರೆ, ಇಡೀ ಲಕ್ಷವೂ ಮೆಮೊರಿಯಲ್ಲಿ ಉಳಿಯುತ್ತದೆ ಎಂಬುದು ಇನ್ನೊಂದು.

ಇಷ್ಟು ಬಲೆಗಳಿದ್ದರೆ ಯುಟಿಲಿಟಿ ಮೆಥಡ್‌ಗಳ ಸಹವಾಸವೇ ಬೇಡ, ನಮ್ಮದೇ ಲೂಪ್ ಬರೆದುಕೊಳ್ಳೋಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಾವಾ ಲೈಬ್ರರಿಯ ಬೈನರಿಸರ್ಚ್‌ನಲ್ಲಿ ನಡುವಿನ ಸ್ಥಾನ ಕಂಡುಹಿಡಿಯಲು ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸುತ್ತಿದ್ದರು. ನೂರು ಕೋಟಿ ದಾಟಿದ ಅರೇಗಳಲ್ಲಿ ಆ ಮೊತ್ತ ಇಂಟ್‌ನ ಮಿತಿ ಮೀರಿ ಋಣವಾಗುತ್ತಿತ್ತು. ವರ್ಷಗಟ್ಟಲೆ ಅಡಗಿದ್ದ ಆ ದೋಷದ ಬಗ್ಗೆ 2006ರಲ್ಲಿ ಬ್ಲಾಕ್ ಅವರೇ ಬರೆದರು. ಅಷ್ಟು ಕಣ್ಣುಗಳು ನೋಡಿದ ಹತ್ತು ಸಾಲಿನಲ್ಲೇ ಹೀಗಾದರೆ, ಅವಸರದಲ್ಲಿ ನಾವು ಬರೆಯುವ ಲೂಪ್‌ನ ಗತಿಯೇನು? ಲೈಬ್ರರಿಯಲ್ಲಿ ಒಂದೆಡೆ ತಿದ್ದಿದರೆ ಎಲ್ಲರಿಗೂ ಸರಿಯಾಯಿತು.

ನಾನು ಪಾಲಿಸುವ ಪದ್ಧತಿ ಸರಳ. ಲಿಸ್ಟ್ ಒಂದು ಕ್ಲಾಸ್‌ನ ಗಡಿ ದಾಟುವಾಗ ಒಡೆತನ ತೀರ್ಮಾನವಾಗಬೇಕು. ಕನ್‌ಸ್ಟ್ರಕ್ಟರ್‌ಗೆ ಬಂದ ಲಿಸ್ಟ್ ಅನ್ನು ಜಾವಾ 10ರಿಂದ ಇರುವ ಲಿಸ್ಟ್.ಕಾಪಿಆಫ್ ಮೂಲಕ ನಕಲು ಮಾಡಿಟ್ಟುಕೊಂಡರೆ, ಅದನ್ನೇ ಗೆಟರ್‌ನಲ್ಲಿ ನಿಶ್ಚಿಂತೆಯಿಂದ ಕೊಡಬಹುದು. ಕ್ಲಾಸ್‌ನ ಒಳಗೆ ಮಾತ್ರ ಅರೇಲಿಸ್ಟ್, ಸಾರ್ಟ್, ರಿವರ್ಸ್ ಯಾವುದಕ್ಕೂ ತಡೆಯಿಲ್ಲ. ಒಂದು ಎಚ್ಚರಿಕೆ: ನಕಲಾಗುವುದು ಲಿಸ್ಟ್, ಅದರೊಳಗಿನ ಆಬ್ಜೆಕ್ಟ್‌ಗಳಲ್ಲ. ಐಟಂನ ಬೆಲೆ ಬದಲಾಯಿಸುವ ಸೆಟರ್ ಇದ್ದರೆ ಯಾರು ಬೇಕಾದರೂ ಬದಲಾಯಿಸಬಹುದು.

ನಕಲು ದುಬಾರಿ ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ, ನಕಲಾಗುವುದು ರೆಫರೆನ್ಸ್‌ಗಳು ಮಾತ್ರ. ಜೆವಿಎಂನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಂದಕ್ಕೆ 4 ಬೈಟ್, ಸಾವಿರಕ್ಕೆ ಸುಮಾರು 4 ಕೆಬಿ. ಒಂದು ಡೇಟಾಬೇಸ್ ಕರೆಯ ಎದುರು ಅದು ಲೆಕ್ಕಕ್ಕೇ ಬರುವುದಿಲ್ಲ. ಕೊಟ್ಟದ್ದು ಆಗಲೇ ಬದಲಾಗದ ಲಿಸ್ಟ್ ಆಗಿದ್ದರೆ ಕಾಪಿಆಫ್ ಸಾಮಾನ್ಯವಾಗಿ ನಕಲು ಮಾಡದೆ ಅದನ್ನೇ ಮರಳಿಸುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಓಡುವ ಒಳಲೂಪ್‌ನಲ್ಲಿ ಲಕ್ಷಗಟ್ಟಲೆ ಸಾಲುಗಳ ಲಿಸ್ಟ್ ಇದ್ದರೆ ಮಾತು ಬೇರೆ. ಅಲ್ಲಿ ಅಳತೆ ಮಾಡಿ, ನೋಟವನ್ನೇ ಕೊಟ್ಟು, ಹಾಗೆ ಮಾಡಿದ್ದೇವೆಂದು ಕಾಮೆಂಟ್‌ನಲ್ಲಿ ಬರೆಯುವುದು ಸರಿ.

ಭಾಷೆಯೇ ಇದನ್ನು ನೋಡಿಕೊಳ್ಳಬೇಕಲ್ಲವೆ ಎಂಬುದು ಇದಕ್ಕಿಂತ ತೂಕದ ಪ್ರಶ್ನೆ. ಕೋಟ್ಲಿನ್ ಆ ದಾರಿ ಹಿಡಿದು ಲಿಸ್ಟ್, ಮ್ಯೂಟಬಲ್‌ಲಿಸ್ಟ್ ಎಂದು ಬೇರೆ ಮಾಡಿತು. ಆಡ್ ಕರೆಯಲಾಗದ ಲಿಸ್ಟ್ ಮೇಲೆ ಆಡ್ ಕರೆದರೆ ಕಂಪೈಲರೇ ತಡೆಯುತ್ತದೆ, ಅದು ದೊಡ್ಡ ಅನುಕೂಲ. ಆದರೆ ಕೋಟ್ಲಿನ್‌ನ ಲಿಸ್ಟ್ ಎಂದರೆ ಓದಲಷ್ಟೇ ಸಿಗುವುದು, ಬದಲಾಗದ್ದೆಂಬ ಭರವಸೆಯಲ್ಲ. ಬೇರೆ ಯಾರ ಕೈಯಲ್ಲೋ ಅದೇ ಆಬ್ಜೆಕ್ಟ್ ಮ್ಯೂಟಬಲ್‌ಲಿಸ್ಟ್ ಆಗಿ ಇರಬಹುದು. ಒಡೆತನವನ್ನು ನಿಜಕ್ಕೂ ಕಂಪೈಲರ್‌ಗೆ ಒಪ್ಪಿಸಿದ್ದು ರಸ್ಟ್. ಅದನ್ನು ಕಲಿಯುವವರು ಆರಂಭದಲ್ಲಿ ಪಡುವ ಕಷ್ಟ ನೋಡಿದರೆ ಆ ತಪಾಸಣೆಗೆ ಬೆಲೆ ಎಷ್ಟೆಂದು ತಿಳಿಯುತ್ತದೆ.

ಬದಲಾಗದ ಲಿಸ್ಟ್ ಕೊಟ್ಟರೆ ನಡೆಯುತ್ತಿದ್ದ ಕೋಡ್ ಬೀಳುತ್ತದೆ ಎಂಬುದು ಕೊನೆಯ ದೂರು, ಅದು ನಿಜವೂ ಹೌದು. 2021ರಲ್ಲಿ ಜಾವಾ 16ರೊಂದಿಗೆ ಸ್ಟ್ರೀಮ್‌ಗೆ ಟುಲಿಸ್ಟ್ ಬಂದಾಗ, ಹಳೆಯ ಕಲೆಕ್ಟರ್ಸ್.ಟುಲಿಸ್ಟ್ ಇದ್ದಲ್ಲೆಲ್ಲ ಇದನ್ನು ಹಾಕಿದರೆ ಆಮೇಲೆ ಆಡ್ ಕರೆಯುವ ಜಾಗಗಳು ಮುರಿಯುವಂತಾಯಿತು. ಹಳೆಯದು ಅರೇಲಿಸ್ಟ್ ಕೊಡುತ್ತಿದ್ದರೂ ಹಾಗೆಂದು ಎಲ್ಲಿಯೂ ಮಾತು ಕೊಟ್ಟಿರಲಿಲ್ಲ. ಟೆಸ್ಟ್ ಓಡಿಸುವಾಗಲೇ ಬೀಳುವುದಾದರೆ ನನಗದು ಸ್ವಾಗತಾರ್ಹ. ನನ್ನ ಪದ್ಧತಿ ನಿಲ್ಲದ ಜಾಗ ಹೈಬರ್ನೇಟ್ ಎಂಟಿಟಿಗಳದ್ದು. ಹೈಬರ್ನೇಟ್ ಎಂಟಿಟಿಯೊಳಗಿನ ಲಿಸ್ಟ್ ಅನ್ನು ತೆಗೆದು ತನ್ನದೊಂದನ್ನು ಇಟ್ಟು, ಏನು ಸೇರಿತು ಏನು ಹೋಯಿತು ಎಂಬ ಲೆಕ್ಕವನ್ನು ಅದರಲ್ಲೇ ಇಡುತ್ತದೆ. ಅಲ್ಲಿ ಕಾಪಿಆಫ್ ಹಾಕಿದರೆ ಕೆಲಸ ಕೆಡುತ್ತದೆ. ಹಾಗಾಗಿ ಫೀಲ್ಡ್‌ನಲ್ಲಿ ಬದಲಾಗುವ ಲಿಸ್ಟ್ ಅನ್ನೇ ಬಿಟ್ಟು, ಸೇರಿಸಲು ತೆಗೆಯಲು ಎಂಟಿಟಿಯಲ್ಲೇ ಮೆಥಡ್ ಬರೆದು, ಗೆಟರ್‌ನಲ್ಲಿ ಅನ್‌ಮಾಡಿಫೈಯಬಲ್‌ಲಿಸ್ಟ್ ಕೊಡುತ್ತೇನೆ. ಅಲ್ಲಿ ಆ ಲಿಸ್ಟ್‌ನ ಒಡೆಯ ಎಂಟಿಟಿಯೂ ಅಲ್ಲ, ಹೈಬರ್ನೇಟ್.